ಗೋಧಿ ಬಿಡುವ ಮುನ್ನ ರಕ್ತಪರೀಕ್ಷೆ: ಸೀಲಿಯಾಕ್ ವರದಿಯನ್ನು ಓದುವ ಬಗೆ



ನಾವು ವೈದ್ಯವೃತ್ತಿಯನ್ನು ಆರಂಭಿಸಿದ ಕಾಲದಲ್ಲಿ ಬೈಲಹೊಂಗಲದ ನಮ್ಮ ಚಿಕಿತ್ಸಾಲಯಕ್ಕೆ ಬರುತ್ತಿದ್ದವರು ತಮ್ಮ ನೋವನ್ನು ಮಾತ್ರ ತರುತ್ತಿದ್ದರು. ಈಗ ಬರುವವರು ನೋವಿನೊಡನೆ ಪ್ರಯೋಗಾಲಯದ ವರದಿಯನ್ನೂ ತರುತ್ತಾರೆ. ವರದಿಯಲ್ಲಿ ಒಂದು ಅಂಕಿ ದಪ್ಪಕ್ಷರದಲ್ಲಿ ಅಚ್ಚಾಗಿದ್ದರೆ ಮನೆಮಂದಿಯೆಲ್ಲ ಕಂಗೆಡುತ್ತಾರೆ. ದಪ್ಪಕ್ಷರ ಎಲ್ಲಿಯೂ ಇಲ್ಲದಿದ್ದರೆ ರೋಗವೇ ಇಲ್ಲವೆಂದು ನಿಶ್ಚಿಂತರಾಗುತ್ತಾರೆ. ಈ ಭಯ, ಈ ನಿಶ್ಚಿಂತೆ ಎರಡೂ ಹುಸಿಯಾಗಬಹುದು. ಅದಕ್ಕೆ ಸೀಲಿಯಾಕ್ ರೋಗದ ರಕ್ತಪರೀಕ್ಷೆ ಒಳ್ಳೆಯ ನಿದರ್ಶನ. ಈ ವಿಷಯದಲ್ಲಿ ನಾವೇ ಒಮ್ಮೆ ಎಡವಿದ್ದೇವೆ. ಆ ಸಂಗತಿಯನ್ನು ಮುಚ್ಚಿಡದೆ ಹೇಳಿ, ವರದಿಯ ಪ್ರತಿಯೊಂದು ಸಾಲಿನ ಅರ್ಥವನ್ನು ಸದ್ಭಕ್ತರಿಗೆ ತಿಳಿಸುವುದು ಈ ಲೇಖನದ ಉದ್ದೇಶ.

ರೋಗದ ಸ್ವರೂಪ

ಗೋಧಿಯಲ್ಲಿ ಗ್ಲುಟೆನ್ ಎಂಬ ಪ್ರೋಟೀನು ಇದೆ. ಗೋಧಿಹಿಟ್ಟನ್ನು ನಾದಿದಾಗ ಕಣಕವು ಜಿಗುಟಾಗಿ ಹರಿಯದೆ ಎಳೆಯಾಗಿ ಬರುವುದು ಇದರಿಂದಲೇ. ಜವೆ ಅಂದರೆ ಬಾರ್ಲಿಯಲ್ಲಿಯೂ, ಪಶ್ಚಿಮ ದೇಶಗಳಲ್ಲಿ ಬೆಳೆಯುವ ರೈ ಎಂಬ ಧಾನ್ಯದಲ್ಲಿಯೂ ಇದೇ ಜಾತಿಯ ಪ್ರೋಟೀನು ಇದೆ. ಬಹುಪಾಲು ಜನರಿಗೆ ಇದರಿಂದ ಯಾವ ಬಾಧೆಯೂ ಇಲ್ಲ. ಆದರೆ ಕೆಲವರಲ್ಲಿ, ಹುಟ್ಟಿನಿಂದ ಬಂದ ಒಂದು ಒಲವಿನ ಕಾರಣವಾಗಿ, ದೇಹದ ರಕ್ಷಣಾಶಕ್ತಿಯು ಗ್ಲುಟೆನ್ನನ್ನು ಶತ್ರುವೆಂದು ಭಾವಿಸಿ ಎದ್ದು ನಿಲ್ಲುತ್ತದೆ. ಆ ಹೋರಾಟದಲ್ಲಿ ತನ್ನದೇ ಸಣ್ಣ ಕರುಳನ್ನು ಗಾಯಗೊಳಿಸಿಕೊಳ್ಳುತ್ತದೆ.

ಸಣ್ಣ ಕರುಳಿನ ಒಳಮೈ ಟರ್ಕಿ ಟವೆಲ್ಲಿನಂತೆ ಲಕ್ಷಾಂತರ ಸೂಕ್ಷ್ಮ ಎಳೆಗಳಿಂದ ಕೂಡಿರುತ್ತದೆ. ನಾವು ಉಂಡ ಅನ್ನದ ಸಾರವನ್ನು ಹೀರುವುದು ಈ ಎಳೆಗಳೇ. ಸೀಲಿಯಾಕ್ ರೋಗದಲ್ಲಿ ಇವು ಸವೆದು ಸವೆದು ಒಳಮೈ ಚಪ್ಪಟೆಯಾಗುತ್ತದೆ. ಆಗ ಎಷ್ಟು ಉಂಡರೂ ಮೈಗೆ ಹತ್ತುವುದಿಲ್ಲ. ಕೆಲವರಿಗೆ ದೀರ್ಘಕಾಲದ ಭೇದಿ, ಹೊಟ್ಟೆಯುಬ್ಬರ, ತೂಕ ಇಳಿಯುವಿಕೆ ಕಾಣಿಸುತ್ತವೆ. ಆದರೆ ಹೊಟ್ಟೆಯ ದೂರೇ ಇಲ್ಲದೆಯೂ ರೋಗ ಇರಬಹುದು ಎಂಬುದನ್ನು ಮುಖ್ಯವಾಗಿ ನೆನಪಿಡತಕ್ಕದ್ದು. ಕಬ್ಬಿಣದ ಗುಳಿಗೆಗೆ ಬಗ್ಗದ ರಕ್ತಹೀನತೆ, ಮಗುವಿನ ಎತ್ತರ ಬೆಳೆಯದಿರುವುದು, ಪ್ರಾಯಕ್ಕೆ ಬರುವುದು ತಡವಾಗುವುದು, ಮತ್ತೆ ಮತ್ತೆ ಬಾಯಿಹುಣ್ಣು, ಚಿಕ್ಕ ವಯಸ್ಸಿನಲ್ಲಿಯೇ ಎಲುಬು ಸವೆಯುವುದು, ಪದೇ ಪದೇ ಗರ್ಭಪಾತ, ಇವುಗಳ ಹಿಂದೆಯೂ ಈ ರೋಗ ಅಡಗಿರಬಲ್ಲದು.

ಗೋಧಿಗೂ ಈ ರೋಗಕ್ಕೂ ಇರುವ ನಂಟನ್ನು ಜಗತ್ತಿಗೆ ತೋರಿಸಿಕೊಟ್ಟವರು ನೆದರ್ಲೆಂಡ್ಸ್ ದೇಶದ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದಲ್ಲಿ, ಆ ದೇಶದಲ್ಲಿ ಘೋರ ಕ್ಷಾಮ ಬಿದ್ದು ಬ್ರೆಡ್ಡು ಸಿಗದಂತಾಯಿತು. ಎಲ್ಲರೂ ಸೊರಗುತ್ತಿದ್ದಾಗ ಈ ರೋಗದ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ಡು ಮರಳಿ ಬಂದಾಗ ಮತ್ತೆ ಕಾಯಿಲೆಬಿದ್ದರು. ಗೋಧಿಯ ಬಗೆಗೆ ಮೊದಲೇ ಸಂಶಯಪಟ್ಟಿದ್ದ ಡಿಕ್ಕೆಯವರು 1950ರಲ್ಲಿ ತಮ್ಮ ಪ್ರಬಂಧವನ್ನು ಮಂಡಿಸಿದರು.

ಜೋಳದ ನಾಡಿನಲ್ಲಿ ಈ ಮಾತೇಕೆ?

"ನಾವು ಜೋಳದ ರೊಟ್ಟಿ ಉಣ್ಣುವವರು, ಗೋಧಿಯ ರೋಗ ನಮಗೆಲ್ಲಿಯದು?" ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಜೋಳ, ಸಜ್ಜೆ, ನವಣೆ, ಸಾವೆ, ರಾಗಿ, ಅಕ್ಕಿ, ಗೋವಿನಜೋಳ ಇವು ಯಾವುದರಲ್ಲಿಯೂ ರೋಗ ತರುವ ಗ್ಲುಟೆನ್ ಇಲ್ಲ. ಸವದತ್ತಿ, ರಾಮದುರ್ಗ, ಬೈಲಹೊಂಗಲದ ಎರೆಭೂಮಿಯ ಹಿಂಗಾರಿ ಜೋಳವೂ, ಕಿತ್ತೂರಿನ ಕಡೆಯ ಭತ್ತವೂ ಈ ರೋಗಿಗಳಿಗೆ ಅಮೃತಸಮಾನ.

2016ರಲ್ಲಿ ಪ್ರಕಟವಾದ ಒಂದು ಅಖಿಲ ಭಾರತ ಅಧ್ಯಯನದಲ್ಲಿ 23,331 ವಯಸ್ಕರ ರಕ್ತವನ್ನು ಪರೀಕ್ಷಿಸಲಾಯಿತು. ಉತ್ತರ ಭಾರತದಲ್ಲಿ ನೂರಕ್ಕೆ 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ 0.10 ಮಂದಿಯ ರಕ್ತದಲ್ಲಿ ಸೀಲಿಯಾಕ್ ಪ್ರತಿಕಾಯಗಳು ಕಂಡುಬಂದವು. ರೋಗದ ಒಲವನ್ನು ತರುವ ವಂಶವಾಹಿಗಳು ಮಾತ್ರ ಮೂರೂ ಕಡೆ ಸುಮಾರು ಮೂವರಲ್ಲಿ ಒಬ್ಬರಿಗೆ ಇದ್ದವು. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು? ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರೆ ದಕ್ಷಿಣದವರು ತಿನ್ನುತ್ತಿದ್ದುದು ಕೇವಲ 25 ಗ್ರಾಂ. ಒಲವು ನಮ್ಮ ರಕ್ತದಲ್ಲಿಯೂ ಇದೆ. ಅದನ್ನು ಎಬ್ಬಿಸುವ ಧಾನ್ಯ ಮಾತ್ರ ನಮ್ಮ ತಾಟಿನಲ್ಲಿ ಕಡಿಮೆಯಿತ್ತು.

ಈಗ ತಾಟು ಬದಲಾಗಿದೆ. ರೊಟ್ಟಿ ಬಡಿಯುವ ಕೈಗಳು ಕಡಿಮೆಯಾಗಿ ಚಪಾತಿ ನಿತ್ಯದ ಊಟವಾಗಿದೆ. ಮುಂಜಾನೆ ಚಹದೊಡನೆ ಬಿಸ್ಕತ್ತು, ಖಾರಿ, ಟೋಸ್ಟು. ಉಪಾಹಾರಕ್ಕೆ ಗೋಧಿರವೆಯ ಉಪ್ಪಿಟ್ಟು. ಸಂಜೆ ಪಾವ್ ಅಥವಾ ನೂಡಲ್ಸು. ಆದಕಾರಣ ರೋಗ ನಮ್ಮಲ್ಲಿ ವಿರಳವೆಂಬುದು ನಿಜವಾದರೂ, ಇಲ್ಲವೇ ಇಲ್ಲವೆಂಬುದು ಸುಳ್ಳು. ವಿರಳವೆಂಬ ಕಾರಣದಿಂದಲೇ ವೈದ್ಯರಾದ ನಮ್ಮ ಮನಸ್ಸಿಗೂ ಅದು ಬೇಗ ಹೊಳೆಯುವುದಿಲ್ಲ.

ನಮ್ಮಿಂದಾದ ತಪ್ಪು

ಕೆಲವು ವರ್ಷಗಳ ಹಿಂದೆ ಸವದತ್ತಿ ತಾಲೂಕಿನ ಒಬ್ಬ ರೈತರು ತಮ್ಮ ಹದಿಮೂರು ವರ್ಷದ ಮಗಳನ್ನು ಕರೆತಂದರು. ಮುಖ ಬಿಳಿಚಿತ್ತು, ಹಿಮೋಗ್ಲೋಬಿನ್ 7.2. ಎರಡು ವರ್ಷದಿಂದ ಕಬ್ಬಿಣದ ಗುಳಿಗೆ ನುಂಗಿದರೂ ಏರಿರಲಿಲ್ಲ. ಊಟವಾದ ಮೇಲೆ ಹೊಟ್ಟೆಯುಬ್ಬರ, ವಾರಕ್ಕೆರಡು ದಿನ ಭೇದಿ. ಗ್ರಹಣೀದೋಷದಿಂದ ಉಂಟಾದ ಪಾಂಡುರೋಗವೆಂದು ನಾವು ನಿರ್ಣಯಿಸಿದೆವು. ಶಾಸ್ತ್ರಗಳು ಗೋಧಿಯನ್ನು ಬಲಕಾರಕವೆಂದು ಹೊಗಳಿದರೂ ಗುರು ಎಂದಿವೆ, ಅಂದರೆ ಜೀರ್ಣಕ್ಕೆ ಭಾರ. ಅದಕ್ಕೆಂದೇ "ಗೋಧಿ ಪೂರ್ತಿ ಬಿಡಿಸಿರಿ, ಜೋಳ ಮತ್ತು ಅಕ್ಕಿ ಕೊಡಿರಿ" ಎಂದು ಪಥ್ಯ ಹೇಳಿ ಔಷಧ ಕೊಟ್ಟೆವು.

ಮೂರು ತಿಂಗಳಲ್ಲಿ ಹುಡುಗಿ ಅರಳಿದಳು. ಗುಣ ನಮ್ಮ ಔಷಧದ್ದೆಂದು ನಾವು ಹಿಗ್ಗಿದೆವು. ಆಮೇಲೆ ಆಕೆಯ ಸೋದರಮಾವ ಎಲ್ಲಿಯೋ ಓದಿ, ಸೀಲಿಯಾಕ್ ಪರೀಕ್ಷೆ ಮಾಡಿಸಿದರು. ವರದಿ ನೆಗೆಟಿವ್ ಬಂತು. ತಂದೆ ಅದನ್ನು ನಮ್ಮೆದುರಿಗೆ ಹಿಡಿದು, "ಸಾಹೇಬ್ರ, ರೋಗ ಇಲ್ಲಂತ ಬರದೈತ್ರಿ. ಇನ್ನ ಚಪಾತಿ ತಿಂದ್ರ ನಡಿತೈತೇನ್ರಿ?" ಎಂದು ಕೇಳಿದರು. ನಾವು ವರದಿಯನ್ನು ನೋಡಿ, "ನಡೀತದ" ಎಂದುಬಿಟ್ಟೆವು.

ಒಂದು ವರ್ಷದ ತರುವಾಯ ಅದೇ ಹುಡುಗಿ ಮೊದಲಿಗಿಂತಲೂ ಕೃಶಳಾಗಿ ಬಂದಳು. ಓರಗೆಯವರೆಲ್ಲ ಎತ್ತರ ಬೆಳೆದಿದ್ದರು, ಈಕೆ ಬೆಳೆದಿರಲಿಲ್ಲ. ವಾರ್ಷಿಕ ಪರೀಕ್ಷೆಗೂ ಕೂಡ್ರಲಾಗಿರಲಿಲ್ಲ. ಗೋಧಿ ತಿನ್ನುತ್ತಿರುವಾಗಲೇ ರಕ್ತವನ್ನು ಮತ್ತೊಮ್ಮೆ ಪರೀಕ್ಷಿಸಲಾಗಿ, ಅಂಕಿ ಮಿತಿಯ ಹತ್ತುಪಟ್ಟನ್ನೂ ಮೀರಿತ್ತು. ಬೆಳಗಾವಿಯಲ್ಲಿ ಕರುಳಿನ ಪರೀಕ್ಷೆಯಾಗಿ ಸೀಲಿಯಾಕ್ ರೋಗವೆಂದು ಖಚಿತವಾಯಿತು.

ಮೊದಲ ವರದಿ ಸುಳ್ಳು ಹೇಳಿರಲಿಲ್ಲ. ಗೋಧಿ ಬಿಟ್ಟ ಮೇಲೆ ರಕ್ತದಲ್ಲಿನ ಪ್ರತಿಕಾಯಗಳು ಇಳಿಯುತ್ತವೆ, ಕರುಳೂ ಮಾಯತೊಡಗುತ್ತದೆ. ಮಳೆ ನಿಂತು ನೆಲ ಒಣಗಿದ ಮೇಲೆ ಸೂರು ಸೋರುತ್ತದೆಯೇ ಎಂದು ನೋಡಲು ಹೋದವರಂತೆ ನಮ್ಮ ಕೆಲಸವಾಗಿತ್ತು. ಪಥ್ಯವನ್ನು ಮೊದಲು ಹೇಳಿ, ಪರೀಕ್ಷೆಯನ್ನು ಆಮೇಲೆ ಒಪ್ಪಿಕೊಂಡದ್ದು ನಮ್ಮ ತಪ್ಪು. ಆ ಮಗುವಿನ ಒಂದು ವರ್ಷ ಅದಕ್ಕೆ ಬೆಲೆಯಾಯಿತು.

ವರದಿಯ ಸಾಲುಗಳು

ಸೀಲಿಯಾಕ್ ವರದಿಯಲ್ಲಿ ಸಾಮಾನ್ಯವಾಗಿ ಕಾಣುವ ಹೆಸರುಗಳನ್ನು ಒಂದೊಂದಾಗಿ ನೋಡೋಣ.

1. ಟಿಟಿಜಿ-ಐಜಿಎ. ಇದೇ ಮುಖ್ಯ ಪರೀಕ್ಷೆ. ಟಿಟಿಜಿ ಎಂದರೆ ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್, ನಮ್ಮ ದೇಹದಲ್ಲಿಯೇ ಇರುವ ಒಂದು ಕಿಣ್ವ. ಸೀಲಿಯಾಕ್ ರೋಗಿಯ ದೇಹವು ಇದರ ವಿರುದ್ಧ ಪ್ರತಿಕಾಯಗಳನ್ನು ಹುಟ್ಟಿಸುತ್ತದೆಂದು 1997ರಲ್ಲಿ ಜರ್ಮನಿಯ ಸಂಶೋಧಕರು ಕಂಡುಹಿಡಿದರು. ಅಂದಿನಿಂದ ಇದು ಮೊದಲ ಪರೀಕ್ಷೆಯಾಗಿದೆ.

2. ಒಟ್ಟು ಐಜಿಎ. ದೇಹದಲ್ಲಿ ಐಜಿಎ ವರ್ಗದ ಪ್ರತಿಕಾಯಗಳು ಒಟ್ಟಾರೆ ಎಷ್ಟಿವೆ ಎಂಬ ಲೆಕ್ಕ. ವಯಸ್ಕರಲ್ಲಿ ಇದು ಸಾಧಾರಣವಾಗಿ ಡೆಸಿಲೀಟರಿಗೆ 70ರಿಂದ 400 ಮಿಲಿಗ್ರಾಂ ಇರುತ್ತದೆ. ಮಕ್ಕಳಲ್ಲಿ ವಯಸ್ಸಿಗೆ ತಕ್ಕಂತೆ ಕಡಿಮೆ.

3. ಇಎಂಎ. ಎಂಡೋಮೈಸಿಯಲ್ ಪ್ರತಿಕಾಯ. ಇದನ್ನು ಸೂಕ್ಷ್ಮದರ್ಶಕದಲ್ಲಿ ತಜ್ಞರು ಕಣ್ಣಿನಿಂದ ನೋಡಿ ಹೇಳಬೇಕು. ಪಾಸಿಟಿವ್ ಬಂದರೆ ಬಹಳ ನಂಬತಕ್ಕದ್ದು. ಟಿಟಿಜಿಯನ್ನು ದೃಢಪಡಿಸಲು ಬಳಸುತ್ತಾರೆ.

4. ಡಿಜಿಪಿ. ಮಾರ್ಪಟ್ಟ ಗ್ಲಿಯಾಡಿನ್ ತುಣುಕುಗಳ ವಿರುದ್ಧದ ಪ್ರತಿಕಾಯ. ಇದರ ಐಜಿಜಿ ಬಗೆಯು, ಐಜಿಎ ಕೊರತೆಯಿರುವವರಲ್ಲಿ ವಿಶೇಷವಾಗಿ ಉಪಯುಕ್ತ.

5. ಎಚ್‌ಎಲ್‌ಎ ಡಿಕ್ಯೂ2, ಡಿಕ್ಯೂ8. ಇವು ಪ್ರತಿಕಾಯಗಳಲ್ಲ, ವಂಶವಾಹಿಗಳು. ಎರಡೂ ಇಲ್ಲವೆಂದು ಬಂದರೆ ಸೀಲಿಯಾಕ್ ರೋಗ ಬಹುತೇಕ ಇಲ್ಲವೆಂದೇ ತಿಳಿಯಬಹುದು. ಇವೆಯೆಂದು ಬಂದರೆ ರೋಗವಿದೆ ಎಂದರ್ಥವಲ್ಲ. ಮೂವರಲ್ಲಿ ಒಬ್ಬರಿಗೆ ಇವು ಇದ್ದೇ ಇರುತ್ತವೆ. ಗೋಧಿ ಬಿಟ್ಟರೂ ಈ ಪರೀಕ್ಷೆಯ ಫಲ ಬದಲಾಗುವುದಿಲ್ಲ ಎಂಬುದೊಂದು ಅನುಕೂಲ.

ಹಳೆಯ ಕಾಲದ ಸಾಮಾನ್ಯ ಗ್ಲಿಯಾಡಿನ್ ಪ್ರತಿಕಾಯ ಪರೀಕ್ಷೆಯನ್ನು ಈಗ ತಜ್ಞರು ರೋಗನಿರ್ಣಯಕ್ಕೆ ಬಳಸುವುದಿಲ್ಲ. "ನೂರು ಆಹಾರಗಳ ಅಲರ್ಜಿ" ಎಂದು ಮಾರುವ ಐಜಿಜಿ ಪರೀಕ್ಷೆಗಳಿಂದಲೂ ಸೀಲಿಯಾಕ್ ರೋಗವನ್ನು ನಿರ್ಣಯಿಸಲಾಗದು. ಅವುಗಳಿಗೆ ಹಣ ಸುರಿಯಬಾರದು.

ಮೂರು ಪ್ರಶ್ನೆಗಳು

ವರದಿ ಕೈಗೆ ಬಂದಾಗ ಪಾಸಿಟಿವ್ ಅಥವಾ ನೆಗೆಟಿವ್ ಎಂಬ ಪದವನ್ನು ನೋಡುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು.

ಮೊದಲನೆಯದು: ರಕ್ತ ಕೊಟ್ಟಾಗ ರೋಗಿಯು ಗೋಧಿ ತಿನ್ನುತ್ತಿದ್ದರೇ? ದಿನಕ್ಕೆ ಒಂದಕ್ಕಿಂತ ಹೆಚ್ಚು ಹೊತ್ತಿನ ಊಟದಲ್ಲಿ ಗೋಧಿ ಇದ್ದು, ಹೀಗೆ ಕನಿಷ್ಠ ಆರು ವಾರ ನಡೆದಿದ್ದರೆ ಮಾತ್ರ ನೆಗೆಟಿವ್ ವರದಿಯನ್ನು ನಂಬಬಹುದು. ನಮ್ಮ ನಾಡಿನವರಿಗೆ ಈ ಪ್ರಶ್ನೆ ಇಮ್ಮಡಿ ಮುಖ್ಯ. ದೆಹಲಿಯ ರೋಗಿಯನ್ನು ಗೋಧಿ ತಿನ್ನುವಿರಾ ಎಂದು ಕೇಳಬೇಕಾದ ಅಗತ್ಯ ಕಡಿಮೆ. ಆದರೆ ರಾಮದುರ್ಗದ ಹಳ್ಳಿಯ ಹೆಣ್ಣುಮಗಳು ಎರಡು ಹೊತ್ತು ಜೋಳದ ರೊಟ್ಟಿ ಉಂಡು, ಹಬ್ಬಕ್ಕೊಮ್ಮೆ ಮಾತ್ರ ಹೋಳಿಗೆ ತಿನ್ನುವವಳಾಗಿರಬಹುದು. ಅವಳ ವರದಿ ನೆಗೆಟಿವ್ ಬಂದರೆ ರೋಗವಿಲ್ಲವೆಂದಾಗಲಿ, ಇದೆಯೆಂದಾಗಲಿ ಹೇಳಲಾಗದು. ಆದಕಾರಣ ಪ್ರಯೋಗಾಲಯದವರು ಕೇಳದಿದ್ದರೂ, ಕಳೆದ ಎರಡು ತಿಂಗಳಲ್ಲಿ ತಿಂದ ಗೋಧಿಯ ಲೆಕ್ಕವನ್ನು ವೈದ್ಯರಿಗೆ ನೀವಾಗಿಯೇ ಹೇಳಿರಿ.

ಎರಡನೆಯದು: ಒಟ್ಟು ಐಜಿಎ ಎಷ್ಟಿದೆ? ಟಿಟಿಜಿ-ಐಜಿಎ ಪರೀಕ್ಷೆ ಹುಡುಕುವುದು ಐಜಿಎ ವರ್ಗದ ಪ್ರತಿಕಾಯವನ್ನು. ಆ ವರ್ಗವೇ ದೇಹದಲ್ಲಿ ಹುಟ್ಟದಿದ್ದರೆ ಪರೀಕ್ಷೆಗೆ ಸಿಗುವುದೇನು? ಮಠದ ಬಾಗಿಲಿನಲ್ಲಿ ಗಂಟೆಯನ್ನೇ ಕಟ್ಟಿಲ್ಲದಿದ್ದರೆ, ಗಂಟೆ ಕೇಳಿಸಲಿಲ್ಲವಾದ್ದರಿಂದ ಯಾರೂ ಬರಲಿಲ್ಲ ಎನ್ನಬಹುದೇ? ಸೀಲಿಯಾಕ್ ರೋಗಿಗಳಲ್ಲಿ ನೂರಕ್ಕೆ ಎರಡು ಮೂರು ಮಂದಿಗೆ ಈ ಐಜಿಎ ಕೊರತೆ ಇರುತ್ತದೆ. ಕಿತ್ತೂರಿನ ಕಡೆಯ ಐದು ವರ್ಷದ ಒಬ್ಬ ಬಾಲಕನ ಟಿಟಿಜಿ-ಐಜಿಎ ಶೂನ್ಯದ ಹತ್ತಿರವಿತ್ತು. ಅದನ್ನು ಕಂಡು ಮನೆಯವರು ನಿಶ್ಚಿಂತರಾಗಿದ್ದರು. ಕೆಳಗಿನ ಸಾಲಿನಲ್ಲಿ ಒಟ್ಟು ಐಜಿಎ 7 ಮಿಲಿಗ್ರಾಂಗಿಂತ ಕಡಿಮೆ ಎಂದಿತ್ತು. ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಐಜಿಜಿ ಬಗೆಯ ಡಿಜಿಪಿ ಪರೀಕ್ಷೆ ಮಾಡಿಸಿದಾಗ ರೋಗದ ಸುಳಿವು ಸಿಕ್ಕಿ, ಮುಂದೆ ಬಯಾಪ್ಸಿಯಿಂದ ದೃಢಪಟ್ಟಿತು. ಒಟ್ಟು ಐಜಿಎ ಇಲ್ಲದ ನೆಗೆಟಿವ್ ವರದಿ ಅರ್ಧ ವರದಿಯೆಂದೇ ಭಾವಿಸಬೇಕು.

ಮೂರನೆಯದು: ಅಂಕಿಯು ಮಿತಿಯ ಎಷ್ಟುಪಟ್ಟು ಇದೆ? ಟಿಟಿಜಿಯ ಮೇಲ್ಮಿತಿಯು ಎಲ್ಲ ಪ್ರಯೋಗಾಲಯಗಳಲ್ಲಿ ಒಂದೇ ಅಲ್ಲ. ಬಳಸುವ ಕಿಟ್ಟಿಗೆ ತಕ್ಕಂತೆ ಒಂದೆಡೆ 4, ಮತ್ತೊಂದೆಡೆ 10, ಇನ್ನೊಂದೆಡೆ 20 ಯೂನಿಟ್ ಎಂದಿರುತ್ತದೆ. ನಿಮ್ಮ ಅಂಕಿ 30 ಎಂದುಕೊಳ್ಳಿರಿ. ಮಿತಿ 10 ಇರುವ ಕಡೆ ಅದು ಮೂರುಪಟ್ಟು. ಮಿತಿ 20 ಇರುವ ಕಡೆ ಕೇವಲ ಒಂದೂವರೆ ಪಟ್ಟು. ಆದಕಾರಣ ಬೇರೆ ಬೇರೆ ಪ್ರಯೋಗಾಲಯದ ಅಂಕಿಗಳನ್ನು ಎದುರುಬದುರಾಗಿ ಇಟ್ಟು ಹೋಲಿಸಬಾರದು. ವರದಿಯಲ್ಲಿ ಅಚ್ಚಾದ ಮೇಲ್ಮಿತಿಯಿಂದ ನಿಮ್ಮ ಅಂಕಿಯನ್ನು ಭಾಗಿಸಿರಿ. ಬಂದ ಉತ್ತರವೇ ಅರ್ಥವುಳ್ಳದ್ದು. ಮುಂದಿನ ಪರೀಕ್ಷೆಗಳನ್ನೂ ಸಾಧ್ಯವಾದಷ್ಟು ಅದೇ ಪ್ರಯೋಗಾಲಯದಲ್ಲಿಯೇ ಮಾಡಿಸಿರಿ.

ಪಟ್ಟು ಹೆಚ್ಚಿದಷ್ಟೂ ರೋಗದ ಸಂಭವ ಹೆಚ್ಚು. ಹತ್ತುಪಟ್ಟು ಮೀರಿದಾಗ ಸಂಶಯಕ್ಕೆ ಎಡೆ ಬಹಳ ಕಡಿಮೆ. ಮಿತಿಯನ್ನು ಸ್ವಲ್ಪವೇ ದಾಟಿದ್ದರೆ ಆತುರಪಡಬಾರದು. ಟೈಪ್ 1 ಸಕ್ಕರೆ ಕಾಯಿಲೆ, ಯಕೃತ್ತಿನ ದೀರ್ಘರೋಗ, ಕೆಲವು ಸೋಂಕುಗಳು ಇವುಗಳಲ್ಲಿ ಸೀಲಿಯಾಕ್ ಇಲ್ಲದೆಯೂ ಅಂಕಿ ತುಸು ಏರಬಹುದು. ರಾಮದುರ್ಗದ ಒಬ್ಬ ವ್ಯಾಪಾರಿಗಳು ಪ್ಯಾಕೇಜ್ ತಪಾಸಣೆಯಲ್ಲಿ 14 ಎಂಬ ಅಂಕಿಯನ್ನು ಕಂಡು, ಮಿತಿ 10 ಇದ್ದುದರಿಂದ, ಮನೆಯ ಗೋಧಿಯನ್ನೆಲ್ಲ ಹಂಚಿಬಿಡಲು ಹೊರಟಿದ್ದರು. "ತಿನ್ನುವುದನ್ನು ಬಿಡಬೇಡಿರಿ, ಮೂರು ತಿಂಗಳಿಗೆ ಮತ್ತೊಮ್ಮೆ ನೋಡೋಣ" ಎಂದೆವು. ಎರಡನೆಯ ಸಲ ಅಂಕಿ ಮಿತಿಯೊಳಗೆ ಬಂತು. ಇಎಂಎ ಕೂಡ ನೆಗೆಟಿವ್. ಜೀವಮಾನದ ಒಂದು ಅನಾವಶ್ಯಕ ಪಥ್ಯ ಅವರಿಗೆ ತಪ್ಪಿತು.

ಬಯಾಪ್ಸಿ ಏಕೆ ಬೇಕು?

ರಕ್ತಪರೀಕ್ಷೆ ಪಾಸಿಟಿವ್ ಬಂದ ವಯಸ್ಕರಿಗೆ ಎಂಡೋಸ್ಕೋಪಿಯ ಮೂಲಕ ಸಣ್ಣ ಕರುಳಿನ ಮೊದಲ ಭಾಗದಿಂದ ಕೆಲವು ಚೂರುಗಳನ್ನು ತೆಗೆದು ಪರೀಕ್ಷಿಸುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2016ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯೂ ರಕ್ತಪರೀಕ್ಷೆ ಮತ್ತು ಬಯಾಪ್ಸಿ ಎರಡನ್ನೂ ಕೂಡಿಸಿ ನೋಡಬೇಕೆನ್ನುತ್ತದೆ. ಮಕ್ಕಳಲ್ಲಿ ಟಿಟಿಜಿ ಹತ್ತುಪಟ್ಟು ಮೀರಿದ್ದು, ಬೇರೊಮ್ಮೆ ತೆಗೆದ ರಕ್ತದಲ್ಲಿ ಇಎಂಎ ಸಹ ಪಾಸಿಟಿವ್ ಇದ್ದರೆ ಬಯಾಪ್ಸಿಯಿಲ್ಲದೆಯೂ ನಿರ್ಣಯಿಸಬಹುದೆಂದು ಯುರೋಪಿನ ಮಕ್ಕಳ ತಜ್ಞರ ಸಂಘ ಹೇಳಿದೆ. ಯಾವ ಮಗುವಿಗೆ ಇದು ಅನ್ವಯಿಸುತ್ತದೆ ಎಂಬುದನ್ನು ತಜ್ಞರೇ ತೀರ್ಮಾನಿಸಬೇಕು.

ಕರುಳಿನ ಎಳೆಗಳು ಸವೆಯಲು ಸೀಲಿಯಾಕ್ ಒಂದೇ ಕಾರಣವಲ್ಲ. ನಮ್ಮ ದೇಶದಲ್ಲಿ ಟ್ರಾಪಿಕಲ್ ಸ್ಪ್ರೂ ಎಂಬ ರೋಗ, ಜಿಯಾರ್ಡಿಯಾ ಎಂಬ ಪರೋಪಜೀವಿ ಇವೂ ಕರುಳನ್ನು ಕೆಡಿಸುತ್ತವೆ. ಕರುಳಿನ ಕ್ಷಯವೂ ಇದೇ ತೆರನಾದ ಲಕ್ಷಣಗಳನ್ನು ತೋರಬಲ್ಲದು. ಇವಕ್ಕೆಲ್ಲ ಬೇರೆ ಬೇರೆ ಚಿಕಿತ್ಸೆಯಿದೆ. ಕ್ಷಯದ ರೋಗಿಗೆ ಗೋಧಿ ಬಿಡಿಸಿ ಕುಳಿತರೆ ಪ್ರಾಣಕ್ಕೇ ಸಂಚಕಾರ. ರಕ್ತ ಮತ್ತು ಕರುಳು ಎರಡರ ಸಾಕ್ಷಿ ಒಂದಕ್ಕೊಂದು ತಾಳೆಯಾದಾಗಲೇ ನಿರ್ಣಯ ಗಟ್ಟಿ. ಬಯಾಪ್ಸಿ ಮುಗಿಯುವವರೆಗೂ ಗೋಧಿ ಬಿಡಬಾರದು ಎಂಬುದು ಇಲ್ಲಿಯೂ ಅನ್ವಯಿಸುತ್ತದೆ.

ಈಗಾಗಲೇ ಗೋಧಿ ಬಿಟ್ಟವರು ಏನು ಮಾಡಬೇಕು? ವೈದ್ಯರ ನಿಗಾದಲ್ಲಿ ಮತ್ತೆ ದಿನವೂ ಎರಡು ಹೊತ್ತು ಚಪಾತಿಯಂತೆ ಆರು ವಾರ ತಿಂದು ಪರೀಕ್ಷೆಗೆ ಹೋಗಬೇಕಾಗುತ್ತದೆ. ಬಾಧೆ ತೀವ್ರವಾದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಇದನ್ನು ಸ್ವಂತ ಬುದ್ಧಿಯಿಂದ ಮಾಡಬಾರದು.

ನಿರ್ಣಯವಾದ ಮೇಲೆ

ನಿರ್ಣಯವಾದ ದಿನದಿಂದ ಗ್ಲುಟೆನ್ ತ್ಯಾಗ ಜೀವಮಾನದ ವ್ರತ. ಈ ರೋಗದಲ್ಲಿ ಪಥ್ಯವೇ ಔಷಧ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಗ್ರಹಣೀರೋಗಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಅಲ್ಲಿನ ವಿವೇಕ ದೊಡ್ಡದು. ಆದರೆ ಗ್ರಹಣಿಯೆಂಬುದು ಹಲವು ವ್ಯಾಧಿಗಳನ್ನು ಒಳಗೊಳ್ಳಬಲ್ಲ ವಿಶಾಲವಾದ ಹೆಸರು. ಸೀಲಿಯಾಕ್ ಒಂದು ನಿರ್ದಿಷ್ಟ ವ್ಯಾಧಿ. ಯಾವುದೇ ಚೂರ್ಣವಾಗಲಿ, ಅರಿಷ್ಟವಾಗಲಿ, ಗೋಧಿ ತಿನ್ನುತ್ತಲೇ ಈ ರೋಗವನ್ನು ಗುಣಪಡಿಸುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿರಿ. ನಲವತ್ತು ವರ್ಷಗಳ ಹತ್ತಿರ ಆಯುರ್ವೇದವನ್ನೇ ಉಂಡು ಬಾಳಿದ ನಾವು ಈ ಮಾತನ್ನು ಹೊಣೆಯರಿತು ಹೇಳುತ್ತಿದ್ದೇವೆ. ಹಸಿವನ್ನು ಸರಿಪಡಿಸುವುದು, ಬಲ ತುಂಬುವುದು ಮುಂತಾದವುಗಳಲ್ಲಿ ನಮ್ಮ ಶಾಸ್ತ್ರ ನೆರವಾಗಬಲ್ಲದು. ಅದೂ ಪಥ್ಯದ ಜೊತೆಗೆ, ಪಥ್ಯದ ಬದಲಿಗೆ ಅಲ್ಲ.

ಪಥ್ಯದಲ್ಲಿ ಕೆಲವು ಎಚ್ಚರಗಳು ಬೇಕು. ಖಪಲಿ ಗೋಧಿ, ಜವೆಗೋಧಿ ಎಂದು ನಮ್ಮಲ್ಲಿ ಬೆಳೆಯುವ ಹಳೆಯ ತಳಿಗಳು ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯವೆಂಬ ಮಾತಿದೆ. ಅದು ಹೇಗೇ ಇರಲಿ, ಅವೂ ಗೋಧಿಯೇ. ಅವುಗಳಲ್ಲಿಯೂ ಗ್ಲುಟೆನ್ ಇದೆ. ಹಿಟ್ಟಿನ ಗಿರಣಿಯಲ್ಲಿ ಗೋಧಿ ಬೀಸಿದ ಬೆನ್ನಿಗೇ ಜೋಳ ಬೀಸಿದರೆ ಜೋಳದ ಹಿಟ್ಟಿನಲ್ಲಿ ಗೋಧಿ ಕೂಡುತ್ತದೆ. ಮನೆಯ ಬೀಸುವ ಕಲ್ಲಾಗಲಿ, ಬೇರೆ ಚಿಕ್ಕ ಯಂತ್ರವಾಗಲಿ ಇದ್ದರೆ ಉತ್ತಮ. ಲಟ್ಟಿಸಲು ಸುಲಭವೆಂದು ರೊಟ್ಟಿಯ ಹಿಟ್ಟಿಗೆ ಗೋಧಿಹಿಟ್ಟು ಬೆರೆಸುವ ಅಭ್ಯಾಸವನ್ನೂ ಕೈಬಿಡಬೇಕು. ಅಂಗಡಿಯ ಇಂಗಿನಲ್ಲಿ ಬಹುವಾಗಿ ಗೋಧಿಹಿಟ್ಟು ಬೆರೆತಿರುತ್ತದೆ. ಇಂಗು ಹಾಕಿದ ನಮ್ಮ ಚೂರ್ಣಗಳಿಗೂ ಈ ಮಾತು ಅನ್ವಯಿಸಬಹುದಾದ್ದರಿಂದ ಔಷಧ ಕೊಡುವ ವೈದ್ಯರನ್ನು ಕೇಳಿರಿ. ಕೇಳಿದ್ದಕ್ಕೆ ಯಾವ ವೈದ್ಯರೂ ಬೇಸರಿಸಬಾರದು.

ಪಥ್ಯ ಹಿಡಿದ ಮೇಲೆ ಟಿಟಿಜಿಯನ್ನು ಆರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ನೋಡುವುದು ವಾಡಿಕೆ. ಅಂಕಿ ಮೆಲ್ಲಗೆ ಇಳಿಯುತ್ತದೆ. ಮೊದಲು ಬಹಳ ಏರಿದ್ದವರಲ್ಲಿ ಮಿತಿಯೊಳಗೆ ಬರಲು ಒಂದು ವರ್ಷಕ್ಕಿಂತಲೂ ಹೆಚ್ಚು ಹಿಡಿಯಬಹುದು. ಇಳಿಯುತ್ತಿದೆಯೇ ಎಂಬುದು ಮುಖ್ಯ. ಇಳಿಯದೆ ನಿಂತರೆ ಅಥವಾ ಮರಳಿ ಏರಿದರೆ, ಎಲ್ಲಿಂದಲೋ ಗೋಧಿ ಒಳಸೇರುತ್ತಿದೆ ಎಂದು ಹುಡುಕಬೇಕು. ಅಂಕಿ ಸರಿಯಾಯಿತೆಂದು ಪಥ್ಯ ಬಿಡುವಂತಿಲ್ಲ. ಪಥ್ಯದಿಂದಲೇ ಅಂಕಿ ಸರಿಯಾದದ್ದು. ಆ ಸವದತ್ತಿಯ ಮಗುವಿನ ಪಾಠ ಇದೇ.

ರೋಗಿಯ ತಂದೆತಾಯಿ, ಒಡಹುಟ್ಟಿದವರು, ಮಕ್ಕಳು ಸಹ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ಒಳಿತು. ಇಂಥ ಹತ್ತಿರದ ಸಂಬಂಧಿಗಳಲ್ಲಿ ನೂರಕ್ಕೆ ಏಳೆಂಟು ಮಂದಿಗೆ ಈ ರೋಗ ಕಂಡುಬರುತ್ತದೆ.

ದಾಸೋಹದಲ್ಲಿ ಒಂದು ಬಿನ್ನಹ

ಜಾತ್ರೆಯ ದಿನ ಮಠದ ದಾಸೋಹದಲ್ಲಿ ಗೋಧಿಹುಗ್ಗಿ ಬಡಿಸುವಾಗ ಬೇಡವೆನ್ನುವುದು ಭಕ್ತರಿಗೆ ಸಂಕಟದ ಮಾತು. ಪ್ರಸಾದವನ್ನು ನಿರಾಕರಿಸಿದಂತಾಯಿತೇ ಎಂಬ ಅಳುಕು ಒಂದೆಡೆ, "ಒಂದು ಚೂರು ತಿಂದರೆ ಏನಾಗುತ್ತದೆ?" ಎಂಬ ಪ್ರೀತಿಯ ಒತ್ತಾಯ ಮತ್ತೊಂದೆಡೆ. ಆ ಹುಡುಗಿಯೂ ಇದೇ ಕಾರಣಕ್ಕೆ ಎರಡು ವರ್ಷ ಜಾತ್ರೆಗೆ ಬರುವುದನ್ನೇ ಬಿಟ್ಟಿದ್ದಳೆಂದು ಆಕೆಯ ತಾಯಿ ನಮಗೆ ತಿಳಿಸಿದರು. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್, ಅಂದರೆ ಒಂದು ಚಿಟಿಕೆ ಗೋಧಿಹಿಟ್ಟಿನಲ್ಲಿರುವಷ್ಟು, ಕೆಲವು ತಿಂಗಳು ಸೇರಿದರೂ ಈ ರೋಗಿಗಳ ಕರುಳು ಮತ್ತೆ ಗಾಯಗೊಳ್ಳುತ್ತದೆ. ಆದ್ದರಿಂದ ಒತ್ತಾಯ ಮಾಡಬೇಡಿರಿ. ದಾಸೋಹದ ಸೇವೆಯಲ್ಲಿರುವವರು ಬೇರೆ ಪಾತ್ರೆಯಲ್ಲಿ, ಬೇರೆ ಸೌಟಿನಿಂದ ಅನ್ನವನ್ನೋ ನವಣೆಯ ಪಾಯಸವನ್ನೋ ತೆಗೆದಿಟ್ಟರೆ ಅಂಥವರೂ ಪಂಕ್ತಿಯಲ್ಲಿ ಕೂಡ್ರಬಹುದು. ಪ್ರಸಾದದ ಮಹಿಮೆ ಧಾನ್ಯದಲ್ಲಿಲ್ಲ, ಅರ್ಪಣೆಯ ಭಾವದಲ್ಲಿದೆ ಎಂಬುದನ್ನು ನಮ್ಮ ಶರಣಪರಂಪರೆಗೆ ಹೊಸದಾಗಿ ಹೇಳಬೇಕಾಗಿಲ್ಲ.

ಆ ಹುಡುಗಿ ಈಗ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಹಿಮೋಗ್ಲೋಬಿನ್ 12ನ್ನು ದಾಟಿದೆ. ಜೋಳದ ರೊಟ್ಟಿ, ಕಾಳುಪಲ್ಯ, ಅನ್ನ ಸಾರು ಉಂಡು ಗಟ್ಟಿಯಾಗಿದ್ದಾಳೆ. ಕಳೆದುಹೋದ ಒಂದು ವರ್ಷವನ್ನು ನಾವು ಮರಳಿ ಕೊಡಲಾರೆವು. ಇನ್ನೊಂದು ಮಗುವಿಗೆ ಹಾಗಾಗದಿರಲೆಂದೇ ಇಷ್ಟು ಬರೆದೆವು. ಬಾಧೆಯಿದ್ದರೆ ಮೊದಲು ವೈದ್ಯರಲ್ಲಿಗೆ ಹೋಗಿರಿ; ಗೋಧಿ ತಿನ್ನುತ್ತಿರುವಾಗಲೇ ಟಿಟಿಜಿ-ಐಜಿಎ ಮತ್ತು ಒಟ್ಟು ಐಜಿಎ ಎರಡನ್ನೂ ಮಾಡಿಸಿರಿ; ಅಂಕಿಯನ್ನು ಮಿತಿಯೊಡನೆ ಹೋಲಿಸಿರಿ; ನಿರ್ಣಯ ಖಚಿತವಾದ ಮೇಲೆ ಪಥ್ಯವನ್ನು ಹಿಡಿಯಿರಿ, ಹಿಡಿದದ್ದನ್ನು ಬಿಡಬೇಡಿರಿ.